ನೀರು ನೋಡಲು ಬಂದ ಬೀಗರು

ಹೆಣ್ಣು ಕೊಡುವವರು ವರನ ಮನೆಗೆ ಹೋದರೆ ಏನೇನೋ ನೋಡುತ್ತಾರೆ. ಹೊಲ ನೋಡುತ್ತಾರೆ, ನೌಕರಿ ನೋಡುತ್ತಾರೆ, ಅತ್ತೆಯಾಗುವವಳ ನಾಲಿಗೆ ಎಷ್ಟು ಉದ್ದವೆಂದು ಪಕ್ಕದ ಮನೆಯಲ್ಲಿ ವಿಚಾರಿಸಿ ನೋಡುತ್ತಾರೆ. ನನ್ನ ಮಾವನವರು ಇದ್ಯಾವುದನ್ನೂ ನೋಡಲಿಲ್ಲ. ಅವರು ನೋಡಿದ್ದು ನಮ್ಮ ಮನೆಯ ನೀರು. ಜಾತಕ ಕೂಡದೆ ಮುರಿದುಹೋದ ಸಂಬಂಧಗಳನ್ನು ನೀವು ಬೇಕಾದಷ್ಟು ಕಂಡಿರುತ್ತೀರಿ. ನೀರು ಕೂಡದೆ ಮುರಿದದ್ದನ್ನು ಕಂಡಿದ್ದೀರಾ? ನಾನು ಕಂಡಿದ್ದೇನೆ. ಮುರಿದದ್ದು ನನ್ನದೇ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ನಾನು ಸರ್ವೇ ಇಲಾಖೆಯವನು. ಇಂಡಿ ತಾಲ್ಲೂಕಿನ ಕಚೇರಿಯಲ್ಲಿದ್ದಾಗ ಬದುವಿನ ಜಗಳ ಎದ್ದಲ್ಲೆಲ್ಲ ಅಳತೆಯ ಸರಪಳಿ ಹಿಡಿದು ಹೋಗುತ್ತಿದ್ದೆ. ಅಣ್ಣ ಒಂದು ಹೇಳುತ್ತಿದ್ದ, ತಮ್ಮ ಒಂದು ಹೇಳುತ್ತಿದ್ದ. ನಾನು ಮಾತ್ರ ಬದುವಿನ ಕಲ್ಲು ಎಲ್ಲಿದೆಯೋ ಅಲ್ಲಿಯೇ ಇದೆ ಎಂದು ಬರೆದು ಇಬ್ಬರಿಂದಲೂ ಬೈಸಿಕೊಂಡು ಬರುತ್ತಿದ್ದೆ. ಆ ಚಾಳಿ ಇನ್ನೂ ಬಿಟ್ಟಿಲ್ಲ. ಆದ್ದರಿಂದ ಇಲ್ಲಿ ಕೇಳಿದ್ದನ್ನು ಕೇಳಿದ್ದೆಂದೂ ನೋಡಿದ್ದನ್ನು ನೋಡಿದ್ದೆಂದೂ ಬೇರೆಬೇರೆಯಾಗಿಯೇ ಇಡುತ್ತೇನೆ. ಓದುವಾಗ ನಿಮಗೆ ನಗು ಬಂದರೆ ಅದಕ್ಕೆ ಹೊಣೆ ನಾನಲ್ಲ, ಮಾವನವರು.

ಅವರು ಮುದ್ದೇಬಿಹಾಳದ ಒಂದು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದರು. ಹೆಸರು ಬೇಡ. ಅವರು ಫೇಲ್ ಮಾಡಿದ ಬೋರ್‌ವೆಲ್ಲುಗಳ ಮಾಲೀಕರು ಇನ್ನೂ ಗಟ್ಟಿಮುಟ್ಟಾಗಿದ್ದಾರೆ. ತೊಂಬತ್ತರ ದಶಕದ ಕೊನೆಯ ಆ ವರ್ಷಗಳಲ್ಲಿ ನಮ್ಮ ಸೀಮೆಯ ತುಂಬ ಬೋರು ಕೊರೆಯುವ ಲಾರಿಗಳದ್ದೇ ಸದ್ದು. ಬಾವಿ ಬತ್ತಿದವರು ಬತ್ತಿತೆಂದು ಕೊರೆಸಿದರು. ಬತ್ತದವರು ಪಕ್ಕದವರು ಕೊರೆಸಿದರೆಂದು ಕೊರೆಸಿದರು. ಆಳಕ್ಕೆ ಹೋದಂತೆ ಕಲ್ಲಿನೊಳಗಿನ ಫ್ಲೋರೈಡು ನೀರಿಗೆ ಇಳಿದು ಮೇಲೆ ಬರುತ್ತದೆ. ಅಂಥ ನೀರು ಕುಡಿದು ಬೆಳೆದ ಮಕ್ಕಳ ಹಲ್ಲಿನ ಮೇಲೆ ಕಂದು ಗೆರೆ ಮೂಡುತ್ತದೆ. ವರ್ಷಗಟ್ಟಲೆ ಕುಡಿದವರ ಸೊಂಟ, ಮೊಣಕಾಲು ಬಿಗಿದುಕೊಳ್ಳುತ್ತವೆ. ನೀರು ಮಾತ್ರ ನೋಡಲು ತಿಳಿ, ಕುಡಿಯಲು ತಂಪು. ಈ ಕಾಣದ ಕಳ್ಳನನ್ನು ಹಿಡಿಯುವುದೇ ಮಾವನವರ ಹುಚ್ಚು.

ಅವರ ಹೆಗಲಚೀಲದಲ್ಲಿ ಕೆಂಪು ದ್ರಾವಣದ ಒಂದು ಬಾಟಲಿ, ಅರಳೆಯಲ್ಲಿ ಸುತ್ತಿದ ಗಾಜಿನ ನಳಿಕೆಗಳು, ಒಂದು ಡ್ರಾಪರ್ ಸದಾ ಇರುತ್ತಿದ್ದವು. ಪರ ಊರಿಗೆ ಹೋದವರು ಗುಡಿಗೆ ಹೋಗುತ್ತಾರೆ, ಇಲ್ಲವೇ ನೆಂಟರ ಮನೆಗೆ ಹೋಗುತ್ತಾರೆ. ಮಾವನವರು ನೇರವಾಗಿ ನಲ್ಲಿಗೆ ಹೋಗುತ್ತಿದ್ದರು. ನಳಿಕೆಗೆ ನೀರು ಹಿಡಿದು, ಕೆಂಪು ದ್ರಾವಣ ಬಿಟ್ಟು, ಬೆಳಕಿಗೆ ಎತ್ತಿ ಹಿಡಿದು ನಿಲ್ಲುತ್ತಿದ್ದರು. ಚಹಾ ತಣ್ಣಗಾಗುವಷ್ಟು ಹೊತ್ತು ಕಾಯಬೇಕು. ಕೆಂಪು ಹಾಗೆಯೇ ಉಳಿದರೆ ನೀರು ಪಾಸು. ಕೆಂಪು ಹೋಗಿ ಹಳದಿ ತಿರುಗಿದರೆ ಫೇಲು. ಪಾಸಾಗದ ನೀರನ್ನು ಅವರು ನಾಲಿಗೆಗೂ ತಾಗಿಸುತ್ತಿರಲಿಲ್ಲ.

ತಾಳಿಕೋಟೆಯ ಬಸ್ ನಿಲ್ದಾಣದ ಪಕ್ಕದ ಹೋಟೆಲಿನಲ್ಲಿ ಒಮ್ಮೆ ಇದೇ ಪ್ರಯೋಗ ನಡೆಸುತ್ತಿದ್ದಾಗ, ಮಿರ್ಚಿ ತಿನ್ನುತ್ತಿದ್ದ ಗಿರಾಕಿಗಳು ಒಬ್ಬೊಬ್ಬರೇ ಎದ್ದು ಹೋಗತೊಡಗಿದರಂತೆ. ಇದು ಕೇಳಿದ್ದು. ಗಲ್ಲಾಪೆಟ್ಟಿಗೆಯ ಮುಂದಿದ್ದ ಮಾಲೀಕ ಬಂದು ಕೈ ಮುಗಿದನಂತೆ.

"ಸರ, ಕುಡಿಯೂದಾದ್ರ ಕುಡೀರಿ, ಇಲ್ಲಂದ್ರ ಏಳ್ರಿ. ನಿಮ್ಮನ್ನ ನೋಡಿ ಮಂದಿ, ನೀರಾಗ ಹಲ್ಲಿ ಬಿದ್ದೈತಿ ಅಂತ ತಿಳ್ಕೊಂಡಾರ."

"ನಿಮ್ಮ ನೀರ ಪಾಸ್ ಆಗೈತ್ರಿ," ಎಂದರಂತೆ ಮಾವನವರು. "ಗ್ಲಾಸಷ್ಟ ಫೇಲು."

ಮಸೂತಿ ಎಂಬ ಹಳ್ಳಿಯಲ್ಲಿ ಒಬ್ಬ ರೈತ ಹೊಸ ಬೋರಿಗೆ ಪೂಜೆ ಮಾಡಿ, ಕಾಯಿ ಒಡೆದು, ಊರಿಗೆಲ್ಲ ಸಕ್ಕರೆ ಹಂಚುತ್ತಿದ್ದಾಗ ಇವರು ಹೋಗಿದ್ದು ನಾನು ನೋಡಿದ್ದಲ್ಲ, ಆದರೆ ಆ ರೈತನ ಬಾಯಿಂದಲೇ ಕೇಳಿದ್ದೇನೆ. ಎಲ್ಲರ ಎದುರಿಗೆ ನಳಿಕೆ ಹಳದಿ ತಿರುಗಿತು. ಇವರು ಬಹಳ ವಿನಯದಿಂದ, ಹೊಲಕ್ಕೆ ಹಾಯಿಸಿರಿ, ಮಕ್ಕಳಿಗೆ ಕುಡಿಸಬೇಡಿರಿ ಎಂದರು. ರೈತ ಹೇಳಿದ್ದು ಇಷ್ಟು: "ನಾ ಕಾಯಿ ಒಡದೇನ್ರಿ ಸರ. ನೀವು ಬಂದು ನನ್ನ ತಲಿ ಒಡದ್ರಿ." ಹೇಳಿ ಅವನೇ ನಕ್ಕ. ಅವನ ಮನೆಯವರು ಇಂದಿಗೂ ಹಳೆಯ ಬಾವಿಯ ನೀರನ್ನೇ ಕುಡಿಯುತ್ತಾರೆ.

ಇಂಥವರ ಮಗಳನ್ನು ನೋಡಲು ನಾನು, ನನ್ನ ಕಾಕಾ ಮತ್ತು ದೊಡ್ಡವ್ವ ಮುದ್ದೇಬಿಹಾಳಕ್ಕೆ ಹೋದೆವು. ಅಪ್ಪ ತೀರಿಕೊಂಡ ಮೇಲೆ ನಮ್ಮ ಮನೆಯ ಹಿರಿತನವೆಲ್ಲ ಕಾಕಾನದು. ಅವ್ವನಿಗೆ ಬಸ್ಸಿನ ವಾಸನೆ ಆಗದು. ಅವಳು ಸಿಂದಗಿ ತಾಲ್ಲೂಕಿನ ನಮ್ಮ ಊರಿನಲ್ಲೇ ಉಳಿದಳು.

ಪಡಸಾಲೆಯಲ್ಲಿ ಜಮಖಾನೆಯ ಮೇಲೆ ಕುಳಿತೆವು. ಮಾವನವರು, ಅಂದರೆ ಆಗಿನ್ನೂ ಮಾವನವರಾಗದ ಆ ಪ್ರೊಫೆಸರರು, ನನ್ನ ಎದುರಿಗೆ ಬಂದು ಕುಳಿತರು. ಸಂಬಳ ಕೇಳಲಿಲ್ಲ. ಹೊಲ ಕೇಳಲಿಲ್ಲ.

"ಎಲ್ಲಿ, ಸ್ವಲ್ಪ ನಗ್ರಿ," ಎಂದರು.

ಹೆಣ್ಣು ನೋಡಲು ಹೋದವನಿಗೆ ನಗು ಎಲ್ಲಿಂದ ಬರಬೇಕು? ಕಾಕಾನ ಕಡೆ ನೋಡಿದೆ. ಕಾಕಾ ನಗು ಎಂದು ಸನ್ನೆ ಮಾಡಿದ. ಆಜ್ಞೆಯಂತೆ ನಕ್ಕೆ. ಅವರು ಕನ್ನಡಕವನ್ನು ಹಣೆಗೆ ಏರಿಸಿ, ನನ್ನ ಬಾಯಿಯ ಹತ್ತಿರ ಬಂದು, ಎಡಕ್ಕೊಮ್ಮೆ ಬಲಕ್ಕೊಮ್ಮೆ ಬಗ್ಗಿ ನೋಡಿದರು.

ಕಾಕಾನಿಗೆ ತಡೆಯಲಾಗಲಿಲ್ಲ. "ಸರ, ನಮ್ಮ ಕಡೆ ಎತ್ತಿನ ಹಲ್ಲ ನೋಡ್ತಾರ್ರಿ. ವರಂದು ನೋಡೂದಿಲ್ಲ."

"ಎತ್ತಿನ ಹಲ್ಲಾಗ ವಯಸ್ಸ ಕಾಣತೈತಿ. ಮನಶ್ಯಾನ ಹಲ್ಲಾಗ ಬಾವಿ ಕಾಣತೈತ್ರಿ," ಎಂದರು ಅವರು, ಬಾಯಿಯಿಂದ ಕಣ್ಣು ತೆಗೆಯದೆ. "ಸಣ್ಣಾಂವಿದ್ದಾಗ ಕುಡದ ನೀರು ಚಲೋ ಇತ್ತು. ತೆರೆದ ಬಾವೀದು. ಹೌದಲ್ಲ?"

ಹೌದು. ಅದು ನಮ್ಮ ಹಳೆಯ ಬಾವಿ. ಅದು ಬತ್ತಿ, ಹಿತ್ತಲಲ್ಲಿ ಬೋರು ಕೊರೆಸಿದ್ದು ಈಚೆಗೆ.

"ಈಗ ಬೋರಿನ ನೀರು?" ಎಂದರು. ಆ ಮೂರು ಶಬ್ದಗಳನ್ನು ಅವರು ಅಂದ ರೀತಿಯಲ್ಲಿ ಬೇರೆಯವರು, 'ಹುಡುಗ ಕುಡಿಯುತ್ತಾನೋ?' ಎಂದು ಕೇಳುತ್ತಾರೆ.

ಆ ಹೊತ್ತಿಗೆ ದೊಡ್ಡವ್ವನ ಕಣ್ಣು ಕಪಾಟಿನ ಮೇಲಿದ್ದ ಕೆಂಪು ಬಾಟಲಿಯ ಮೇಲೆ ಬಿದ್ದಿತು. "ಅದೇನ್ರಿ, ಕುಂಕುಮದ ನೀರ?" ಎಂದಳು. ರಸಾಯನಶಾಸ್ತ್ರದ ಮೇಷ್ಟರಿಗೆ ಯಾರಾದರೂ ತಾವಾಗಿಯೇ ಪ್ರಶ್ನೆ ಕೇಳುವುದು ಅಪರೂಪ. ಅವರ ಮುಖ ಅರಳಿತು. ಹಳ್ಳಿಯ ಹೆಂಗಸಿಗೆ ತಿಳಿಯುವಂತೆ ಸಂಸಾರದ ಭಾಷೆಯಲ್ಲಿಯೇ ಹೇಳುತ್ತೇನೆ ಎಂದು ಹೊರಟರು. ಅಲ್ಲಿಯೇ ಎಡವಿದ್ದು.

"ನೋಡ್ರಿ ಯವ್ವಾ. ಜಿರ್ಕೋನಿಯಂ ಅಂತ ಒಂದು ಧಾತು ಐತಿ. ಅದನ್ನ ಗಂಡ ಅಂತ ತಿಳ್ಕೋರಿ. ಒಂದು ಬಣ್ಣ ಐತಿ, ಅದು ಹೇಣ್ತಿ. ಇಬ್ಬರೂ ಕೂಡಿ ಸಂಸಾರ ಮಾಡಾಕತ್ತಾರ. ಆ ಸಂಸಾರದ ಬಣ್ಣನ ಈ ಕೆಂಪು."

"ಚಲೋ ಆತಲ್ರಿ," ಎಂದಳು ದೊಡ್ಡವ್ವ.

"ನೀರಾಗ ಫ್ಲೋರೈಡ್ ಇತ್ತಂದ್ರ ಅದು ಬರತೈತಿ. ಈ ಗಂಡಗ ಅದರ ಮ್ಯಾಲ ಭಾಳ ಮೋಹ. ಕಟ್ಟಿಕೊಂಡಾಕಿನ್ನ ಬಿಟ್ಟು ಅದರ ಕೂಡ ಹೊಂಟ ಬಿಡ್ತಾನ."

"ಅಯ್ಯ, ಭಾಡ್ಯಾ."

"ಅದೂ ಒಂದರ ಕೂಡ ಅಲ್ಲ. ಆರು ಫ್ಲೋರೈಡು ಅವನ ಸುತ್ತ ನಿಲ್ತಾವ. ಮ್ಯಾಲೊಂದು, ಕೆಳಗೊಂದು, ನಾಕೂ ದಿಕ್ಕಿಗೆ ನಾಕು. ಅಂವ ನಡುವ. ಹೊರಗಿನವರಿಗೆ ಕಾಣಂಗಿಲ್ಲ, ಬಣ್ಣನ ಇರಂಗಿಲ್ಲ. ಪಾಪ, ಇಲ್ಲಿ ಉಳದ ಹೇಣ್ತಿ ತನ್ನ ತವರಮನಿ ಬಣ್ಣಕ್ಕ ತಿರುಗ್ತಾಳ. ಅದು ಹಳದಿ."

ದೊಡ್ಡವ್ವ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕುಳಿತಳು. ಕಾಕಾನ ಕಡೆ ತಿರುಗಿ, ತನ್ನ ಪ್ರಕಾರ ಮೆಲ್ಲಗೆ, ಎಲ್ಲರಿಗೂ ಕೇಳುವಂತೆ ಹೇಳಿದಳು: "ಆರು ಮಂದಿನ್ನ ಇಟ್ಕೊಂಡಾನಂತ. ಇವರ ಪೈಕಿ ಏನ್ ಅಂವ? ಅಂಥಾ ಮನಿತನದಾಗ ಹೆಣ್ಣ ತರೂದು ಹ್ಯಾಂಗೋ ಮಾರಾಯಾ."

ಒಳಗಿನ ಬಾಗಿಲಲ್ಲಿ ಯಾರೋ ನಕ್ಕರು. ತಡೆದು ತಡೆದು, ತಡೆಯಲಾಗದೆ ಉಕ್ಕಿದ ನಗು. ಅವಲಕ್ಕಿಯ ತಾಟು ಹಿಡಿದು ಬಂದ ಹುಡುಗಿ ತಲೆ ತಗ್ಗಿಸಿರಲಿಲ್ಲ. ಅಲ್ಲಿಯೇ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. "ಅಪ್ಪಾ, ಜಿರ್ಕೋನಿಯಂ ನಮ್ಮ ಬೀಗರಲ್ಲ ಅಂತ ಮೊದಲ ಹೇಳ್ರಿ," ಎಂದಳು. ಆಮೇಲೆ ದೊಡ್ಡವ್ವನ ಮುಂದೆ ಕುಳಿತು, ತಾಟು ಕೊಟ್ಟು, "ಅಂವ ಮನಶ್ಯಾ ಅಲ್ರಿ ಯವ್ವಾ, ಕಲ್ಲಿನ್ಯಾಗ ಇರಾಂವ," ಎಂದು ಸಮಾಧಾನ ಮಾಡಿದಳು.

"ಕಲ್ಲಿನ್ಯಾಗಿದ್ದ ಇಷ್ಟ ಮಾಡ್ಯಾನ?" ಎಂದಳು ದೊಡ್ಡವ್ವ.

ನಾನು ಹೆಚ್ಚು ಹೇಳುವವನಲ್ಲ. ಬರುವ ಬಸ್ಸಿನಲ್ಲಿ ಕಿಟಕಿಯ ಹೊರಗೆ ಜೋಳದ ಹೊಲ ಇತ್ತೋ, ತೊಗರಿಯ ಹೊಲ ಇತ್ತೋ ನನಗೆ ನೆನಪಿಲ್ಲ. ಹೊಲ ಅಳೆಯುವವನಿಗೆ ಹೊಲ ಕಾಣದೆ ಹೋಯಿತು ಎಂದರೆ ನಿಮಗೆ ಅರ್ಥವಾಗಬೇಕು. ಮದುವೆಯಾದರೆ ಅವಳನ್ನೇ ಎಂದು ಕಾಕಾನಿಗೆ ಹೇಳಿದೆ. ಹುಡುಗಿಯೂ ಒಪ್ಪಿದ್ದಾಳೆಂದು ಸುದ್ದಿ ಬಂತು. ಇನ್ನು ಉಳಿದದ್ದು ಒಂದೇ. ಅವಳ ಅಪ್ಪ ನಮ್ಮ ಮನೆ ನೋಡಲು ಬರಬೇಕು, ಬೆಲ್ಲ ನೀರು ಮುಟ್ಟಬೇಕು.

ಈ ಬೆಲ್ಲ ನೀರಿನ ವಿಷಯ ಹೇಳಬೇಕು. ನಮ್ಮ ಮನೆತನಗಳಲ್ಲಿ ಸಂಬಂಧ ನೋಡಲು ಬಂದವರ ಮುಂದೆ ಮೊದಲು ಇಡುವುದು ಬೆಲ್ಲದ ತುಣುಕು, ತಂಬಿಗೆ ನೀರು. ಬಂದವರು ಬೆಲ್ಲ ಬಾಯಿಗೆ ಹಾಕಿಕೊಂಡು ನೀರು ಕುಡಿದರೆ ಮಾತು ಮುಂದುವರಿಯುತ್ತದೆ. ಕುಡಿಯದೆ ತಂಬಿಗೆಯನ್ನು ಕೆಳಗಿಟ್ಟರೆ ಬಾಯಿ ಬಿಟ್ಟು ಏನೂ ಹೇಳಬೇಕಾಗಿಲ್ಲ. ಚಪ್ಪಲಿ ಹಾಕಿಕೊಂಡು ಹೊರಡಬಹುದು. ಇದು ಹಿರಿಯರು ಮಾಡಿಟ್ಟ ಬಹಳ ಸಭ್ಯವಾದ ರೂಢಿ. ಆದರೆ ಹಿರಿಯರು ಇದನ್ನು ಮಾಡಿದಾಗ ಜಿರ್ಕೋನಿಯಮ್ಮಿನ ವಿಚಾರ ಅವರಿಗೆ ಗೊತ್ತಿರಲಿಲ್ಲ.

ಅವರು ಬರುವ ದಿನ ಅವ್ವ ನಸುಕಿನಲ್ಲೇ ಎದ್ದು ಅಜ್ಜಿಯ ಕಾಲದ ಹಿತ್ತಾಳೆ ತಂಬಿಗೆಯನ್ನು ಅಟ್ಟದಿಂದ ಇಳಿಸಿದಳು. ಹುಣಸೆಹಣ್ಣು ಹಚ್ಚಿ ತಿಕ್ಕಿದಳು. ಒಮ್ಮೆ ತಿಕ್ಕಿದ್ದು ಸಾಲದೆಂದು ಮತ್ತೆ ತಿಕ್ಕಿದಳು. ತಂಬಿಗೆಯಲ್ಲಿ ನನ್ನ ಮುಖ ಕಾಣುತ್ತಿತ್ತು. ಕನ್ನಡಿಯಲ್ಲಿ ಕಾಣುವುದಕ್ಕಿಂತ ಚೆನ್ನಾಗಿಯೇ ಕಾಣುತ್ತಿತ್ತು. ಒಳಗೆ ಒಂದು ಕಪ್ಪು ಕಲೆ ಉಳಿಯಿತೆಂದು ಮತ್ತೆ ಹುಣಸೆಹಣ್ಣು ಹಾಕಿ ಕೈಯಾಡಿಸುತ್ತಿರುವಾಗಲೇ, ಬಂದರು ಬಂದರು ಎಂದು ಓಣಿಯಿಂದ ಕೂಗು ಬಂತು. ಅವಸರದಲ್ಲಿ ಒಂದಿಷ್ಟು ನೀರಾಡಿಸಿ ಚೆಲ್ಲಿ, ಬೋರಿನ ನೀರು ತುಂಬಿ ತಂದಳು. ಇದು ನಾನು ಕಣ್ಣಾರೆ ನೋಡಿದ್ದು. ನೋಡಿ ಸುಮ್ಮನಿದ್ದೆ. ಸುಮ್ಮನಿರದೆ ಏನು ಮಾಡಬೇಕಿತ್ತು? ತಾಯಿ ಪಾತ್ರೆ ತೊಳೆಯುವಾಗ ಯಾವ ಮಗ ರಸಾಯನಶಾಸ್ತ್ರ ಯೋಚಿಸುತ್ತಾನೆ?

ಪಡಸಾಲೆ ತುಂಬಿತ್ತು. ಓಣಿಯ ಹೆಂಗಸರು ಬಾಗಿಲಿನ ಹಿಂದೆ ಸಾಲಾಗಿ ನಿಂತಿದ್ದರು. ಅವ್ವ ಬೆಲ್ಲ ನೀರು ಇಟ್ಟಳು. ಮಾವನವರು ಬೆಲ್ಲದ ತುಣುಕನ್ನು ಎಡಗೈಯಲ್ಲಿ ಹಿಡಿದುಕೊಂಡು, ಬಲಗೈಯಿಂದ ಚೀಲ ತೆರೆದರು. ನಳಿಕೆ ತೆಗೆದರು. ಬಟ್ಟಿಯಿಳಿಸಿದ ನೀರಿನಿಂದ ನಳಿಕೆಯನ್ನು ತೊಳೆದು ತೊಳೆದು ಜಾಡಿಸಿದರು. ತಂಬಿಗೆಯಿಂದ ನೀರು ಬಗ್ಗಿಸಿ, ಕೆಂಪು ದ್ರಾವಣ ಬಿಟ್ಟು, ಬಾಗಿಲ ಬೆಳಕಿಗೆ ಹಿಡಿದರು. ಎಲ್ಲರೂ ಉಸಿರು ಹಿಡಿದು ನೋಡುತ್ತಿದ್ದೆವು. ಅವರ ಎಡಗೈಯಲ್ಲಿ ಬೆಲ್ಲ ಕರಗಿ ಮುಂಗೈಗೆ ಇಳಿಯಿತು. ಒಂದು ನೊಣ ಬಂದು ಕುಳಿತಿತು. ಅವರು ಅಲುಗಲಿಲ್ಲ.

ಬಣ್ಣ ಹಳದಿಗೆ ತಿರುಗಿತು. ಸಣ್ಣಗೆ ಅಲ್ಲ, ಪೂರ್ತಿ.

ಮೊದಲು ಮಾತಾಡಿದವಳು ದೊಡ್ಡವ್ವ. "ಅರಿಷಿಣ ಬಂತು ನೋಡ್ರಿ. ಶುಭ ಆತು. ಸಕ್ರಿ ತರ್ರಿ." ತವರುಮನೆಯ ಬಣ್ಣದ ಪಾಠವನ್ನು ಅವಳು ಮುದ್ದೇಬಿಹಾಳದಲ್ಲೇ ಬಿಟ್ಟು ಬಂದಿದ್ದಳು. ಬಾಗಿಲ ಹಿಂದಿನಿಂದ ಪಕ್ಕದ ಮನೆಯವಳು ಸೋಬಾನದ ರಾಗ ಎತ್ತಿಯೇಬಿಟ್ಟಳು. ಒಬ್ಬಳು ಸಕ್ಕರೆ ಡಬ್ಬಿ ತಂದಳು. ನನ್ನ ಬಾಯಿಗೂ ಯಾರೋ ಸಕ್ಕರೆ ಹಾಕಿದರು. ಆ ಸಂಭ್ರಮದ ನಟ್ಟನಡುವೆ ಅವರು ತಂಬಿಗೆಯನ್ನು ಮೆಲ್ಲಗೆ ಕೆಳಗಿಟ್ಟರು.

ಸೋಬಾನ ಮೊದಲ ಸಾಲಿಗೇ ನಿಂತಿತು.

"ತಪ್ಪ ತಿಳೀಬ್ಯಾಡ್ರಿ," ಎಂದರು. "ಹುಡುಗ ಚಲೋ ಅದಾನ, ಮನಿ ಚಲೋ ಐತಿ. ಈ ನೀರ ಮಾತ್ರ ಕುಡಿಯೂವಂಥದ್ದಲ್ಲ. ಇದನ್ನ ಕುಡದು ನನ್ನ ಮಗಳು ಮುಂದ ಹ್ಯಾಂಗ ಏಳಬೇಕು, ಹ್ಯಾಂಗ ಕುಂದರಬೇಕು?"

ಕಾಕಾ ಬಿಡಲಿಲ್ಲ. "ನೀರ ಬ್ಯಾಡಂದ್ರ ಬ್ಯಾಡ ಬಿಡ್ರಿ ಸರ. ಮನ್ಯಾಗ ಎರಡು ಎಮ್ಮಿ ಅದಾವ. ನಿಮ್ಮ ಮಗಳಿಗೆ ಬರೇ ಹಾಲ ಕುಡಸ್ತೇವಿ."

"ಎಮ್ಮಿ ಏನ್ ಕುಡೀತಾವ್ರಿ?" ಎಂದು ಕೇಳಿದರು ಮಾವನವರು.

ಅವರು ಹೋದ ಮೇಲೂ ನನ್ನ ಬಾಯಲ್ಲಿ ಸಕ್ಕರೆ ಇನ್ನೂ ಕರಗಿರಲಿಲ್ಲ.

ಆಮೇಲಿನ ದಿನಗಳನ್ನು ವಿವರಿಸುವುದಿಲ್ಲ. ಓಣಿಯಲ್ಲಿ ಹೋದರೆ, "ಏನ್ ಸರ್ವೇರ, ಹಳದಿ ಬಂತಂತಲ್ಲ?" ಎನ್ನುತ್ತಿದ್ದರು. ಪರೀಕ್ಷೆಯಲ್ಲಿ ಫೇಲಾದವರನ್ನು ಊರು ಮರೆಯುತ್ತದೆ. ನೀರಿನಲ್ಲಿ ಫೇಲಾದವನು ನಾನೊಬ್ಬನೇ, ಮರೆಯುವುದು ಹೇಗೆ? ನನ್ನದು ಹೋಗಲಿ. ಅವ್ವ ತಂಬಿಗೆಯನ್ನು ಅಟ್ಟಕ್ಕೆ ಎಸೆದವಳು ಊಟಕ್ಕೆ ಕುಳಿತಾಗಲೆಲ್ಲ ಅದೇ ಮಾತು: "ಹುಣಸಿಹಣ್ಣ ಹಚ್ಚಿ ಹಚ್ಚಿ ತಿಕ್ಕೀನೋ ತಮ್ಮಾ. ಮುಟ್ಟಿ ಕೆಳಗಿಟ್ರಲ್ಲೋ. ನಾ ಏನ್ ಮಾಡಿದ್ದೆ ಅವರಿಗೆ?"

ಕೊನೆಗೆ ಒಂದು ದಿನ ರಜೆ ಹಾಕಿ, ಸಿಂದಗಿಯಲ್ಲಿ ಬಸ್ಸು ಹತ್ತಿ, ತಾಳಿಕೋಟೆಯಲ್ಲಿ ಇಳಿದು ಬೇರೆ ಬಸ್ಸು ಹಿಡಿದು ಮುದ್ದೇಬಿಹಾಳಕ್ಕೆ ಹೋದೆ. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಯೋಚಿಸಿದ್ದೆ. ಕಾಲೇಜಿನ ಪ್ರಯೋಗಾಲಯದಲ್ಲಿ ಅವರ ಮುಂದೆ ನಿಂತಾಗ ಅದೆಲ್ಲ ಮರೆತುಹೋಯಿತು. ಬಾಯಿಗೆ ಬಂದದ್ದು ಅವ್ವನ ಮಾತು ಮಾತ್ರ.

"ಸರ, ನೀವು ಸಂಬಂಧ ಬ್ಯಾಡ ಅಂದ್ರ ಬ್ಯಾಡ. ಆದ್ರ ನಮ್ಮವ್ವಗ ಭಾಳ ಬ್ಯಾಸರಾಗೈತ್ರಿ. ನಸುಕಿನ್ಯಾಗ ಎದ್ದು ಹುಣಸಿಹಣ್ಣ ಹಚ್ಚಿ ತಿಕ್ಕಿದ ತಂಬಿಗಿ ಅದು."

ಅವರು ಏನೋ ಬರೆಯುತ್ತಿದ್ದವರು ಪೆನ್ನು ನಿಲ್ಲಿಸಿದರು. "ಏನ್ ಹಚ್ಚಿ?"

"ಹುಣಸಿಹಣ್ಣ ರೀ."

"ಒಳಗೂ?"

"ಒಳಗೂ ರೀ. ನೀವು ಬಂದ್ರಿ ಅಂತ ಲಗೂನ ನೀರಾಡಿಸಿ ತುಂಬಿದ್ಲು."

ಅವರು ಎದ್ದರು. ಕಾಲೇಜಿನ ಕ್ಯಾಂಟೀನಿಗೆ ತಾವೇ ಓಡಿದರು. ಓಡಿದರು ಎಂಬುದು ಉತ್ಪ್ರೇಕ್ಷೆಯಲ್ಲ. ಧೋತರದ ಚುಂಗು ಕೈಯಲ್ಲಿತ್ತು, ನಾನು ನೋಡಿದ್ದೇನೆ. ಹುಣಸೆಹಣ್ಣಿನ ಉಂಡೆಯೊಂದನ್ನು ತಂದು ನೀರಿನಲ್ಲಿ ಕಿವುಚಿದರು. ಎರಡು ನಳಿಕೆಗಳಲ್ಲಿ ಬಟ್ಟಿಯಿಳಿಸಿದ ಶುದ್ಧ ನೀರು ಹಾಕಿ, ಕೆಂಪು ದ್ರಾವಣ ಬಿಟ್ಟರು. ಒಂದಕ್ಕೆ ಮಾತ್ರ ಹುಣಸೆಯ ರಸ ಸೇರಿಸಿದರು. ಕಾದೆವು. ಹುಣಸೆಯಿಲ್ಲದ್ದು ಕೆಂಪಾಗಿಯೇ ಉಳಿಯಿತು. ಹುಣಸೆಯದ್ದು ಹಳದಿಯಾಯಿತು.

ಅವರು ಸ್ಟೂಲಿನ ಮೇಲೆ ಕುಳಿತರು. ಮೊದಲು ಭುಜ ಕುಲುಕಿತು, ಆಮೇಲೆ ಹೊಟ್ಟೆ. ನಕ್ಕು ನಕ್ಕು ಕನ್ನಡಕ ತೆಗೆದು ಒರೆಸಿಕೊಂಡರು. ಹುಣಸೆಯಲ್ಲಿರುವ ಹುಳಿಯೂ ಜಿರ್ಕೋನಿಯಮ್ಮನ್ನು ಫ್ಲೋರೈಡಿನ ಹಾಗೆಯೇ ಹಿಡಿದುಕೊಳ್ಳುತ್ತದೆಯಂತೆ. ಪುಸ್ತಕದಲ್ಲಿಯೂ ಇದೆಯಂತೆ, ಅವರೇ ವರ್ಷ ವರ್ಷ ಪಾಠ ಮಾಡುತ್ತಿದ್ದರಂತೆ. ಆದರೆ ಪುಸ್ತಕದಲ್ಲಿ ಅದಕ್ಕೆ ಹುಳಿಯ ಹೆಸರಿತ್ತೇ ಹೊರತು ತಂಬಿಗೆಯ ಹೆಸರಿರಲಿಲ್ಲ.

"ನನ್ನ ನಳಿಗಿ ನಾ ಎಷ್ಟ ತೊಳೀತೇನಿ ನೋಡೀರಿ. ಮಂದಿ ತಂಬಿಗಿ ವಿಚಾರನ ಮಾಡಲಿಲ್ಲ," ಎಂದರು. ಆಮೇಲೆ ಒಮ್ಮೆಲೇ ಗಂಭೀರವಾಗಿ ಲೆಕ್ಕ ಹಾಕತೊಡಗಿದರು. "ಬಸವನ ಬಾಗೇವಾಡಿಯಾಗ ಒಂದು ಮನಿ ನೋಡಿದ್ದೆ. ತಂಬಿಗಿ ಬಂಗಾರದಂಗ ಹೊಳೀತಿತ್ತು. ಫೇಲ್ ಮಾಡಿ ಬಂದೆ. ಇಂಗಳೇಶ್ವರದಾಗೂ ಹಂಗ. ಅಯ್ಯೋ ತಮ್ಮಾ, ಯಾರ ಮನ್ಯಾಗ ಮರ್ಯಾದಿ ಮಾಡಿದ್ರೋ ಅವರನ್ನ ಹುಡುಕಿ ಹುಡುಕಿ ಬಿಟ್ಟ ಬಂದೇನಲ್ಲೋ."

"ಮತ್ತ ತಾಳಿಕೋಟಿ ಹೋಟೆಲ್ ಪಾಸ್ ಆಗಿತ್ತಲ್ರಿ?" ಎಂದೆ, ತಡೆಯಲಾರದೆ.

"ಅವರು ಗ್ಲಾಸ ತೊಳದಿದ್ರ ತಾನ?" ಎಂದರು.

ಆದರೆ ಎದ್ದು ಹೊರಡುವಾಗ ಅವರು ನಗುತ್ತಿರಲಿಲ್ಲ. ನಳಿಕೆ ಹಳದಿಯಾದದ್ದು ಹುಣಸೆಯಿಂದ ಎಂದ ಮಾತ್ರಕ್ಕೆ ನಿಮ್ಮ ನೀರಿನಲ್ಲಿ ಫ್ಲೋರೈಡಿಲ್ಲ ಎಂದಾಗಲಿಲ್ಲ. ಮತ್ತೆ ನೋಡಬೇಕು, ಮತ್ತೆ ಹಳದಿ ಬಂದರೆ ಮತ್ತೆ ಇಲ್ಲವೆನ್ನಬೇಕು ಎಂದರು. "ನಾ ಒಮ್ಮಿ ತಪ್ಪ ನೋಡೇನಿ. ಈ ಸಲ ಮಗಳನ್ನೂ ಕರ್ಕೊಂಡ ಬರ್ತೇನಿ."

ಮದುವೆಗೆ ಮೊದಲು ಹುಡುಗಿ ವರನ ಮನೆಗೆ ಬರುವ ಪದ್ಧತಿ ನಮ್ಮಲ್ಲಿಲ್ಲ. ಅವರು ಬಂದ ದಿನ ಓಣಿಯ ಎಲ್ಲ ಬಾಗಿಲುಗಳೂ ಅರ್ಧ ತೆರೆದಿದ್ದವು. ಮಾವನವರು ಪಡಸಾಲೆಗೆ ಬಂದವರೇ ಕುಳಿತುಕೊಳ್ಳದೆ ಅಡುಗೆಮನೆಯ ಬಾಗಿಲಿಗೆ ಹೋಗಿ ಕೈ ಮುಗಿದರು.

"ಅಕ್ಕಾರ, ತಪ್ಪಾಗೈತ್ರಿ. ನಿಮ್ಮ ತಂಬಿಗಿ ಚಲೋ ಇತ್ತು. ನನ್ನ ತಲಿ ಸರಿ ಇರಲಿಲ್ಲ."

"ನಿಮ್ಮದೇನ್ ತಪ್ಪ್ರಿ," ಎಂದಳು ಅವ್ವ, ಒಲೆಯ ಕಡೆ ತಿರುಗಿಕೊಂಡೇ. "ನಾವು ಹುಣಸಿಹಣ್ಣಿನ ಮಂದಿ. ಇನ್ನ ಮ್ಯಾಲ ಬೀಗರ ಬಂದ್ರ ತಂಬಿಗಿ ತೊಳಿಯೂದಿಲ್ಲ ಬಿಡ್ರಿ."

ಹುಡುಗಿ ನಕ್ಕಳು. ಅವ್ವನೂ ನಕ್ಕಳೆಂದು ನನ್ನ ಅನುಮಾನ. ಬೆನ್ನು ಮಾತ್ರ ಕಾಣುತ್ತಿತ್ತು. ಹುಡುಗಿಯೇ ಒಳಗೆ ಹೋಗಿ, ಒಂದು ಸ್ಟೀಲಿನ ಲೋಟ ತೆಗೆದುಕೊಂಡು, ಹಿತ್ತಲಿನ ನಲ್ಲಿಯ ಕೆಳಗೆ ಬರಿಯ ನೀರಿನಿಂದ ಚೆನ್ನಾಗಿ ತೊಳೆದು, ಅದೇ ನೀರು ತುಂಬಿ ತಂದಳು. ಅವ್ವ ಬೆಲ್ಲದ ತಾಟು ಹಿಡಿದು ಬಾಗಿಲಲ್ಲಿ ನಿಂತಳು. ತಾಟು ಕೆಳಗಿಡಲಿಲ್ಲ. ಇಟ್ಟರೆ ಏನಾಗುತ್ತದೆಂದು ಒಮ್ಮೆ ನೋಡಿದವಳು.

ಮತ್ತೆ ನಳಿಕೆ, ಮತ್ತೆ ಕೆಂಪು ಹನಿಗಳು. ಅವರು ಬಾಗಿಲ ಬೆಳಕಿಗೆ ಹಿಡಿದು ನೋಡಿದರು. ಹೊಸ್ತಿಲ ಹೊರಗೆ ಹೋಗಿ ಬಿಸಿಲಿಗೆ ಹಿಡಿದು ನೋಡಿದರು. ಒಳಗೆ ಬಂದು ತಮ್ಮ ಬಿಳಿ ಅಂಗಿಯ ತೋಳಿನ ಮುಂದೆ ಹಿಡಿದು ನೋಡಿದರು. ಕನ್ನಡಕ ತೆಗೆದರು, ಹಾಕಿಕೊಂಡರು. ಅವರು ಅವ್ವನ ಕೈಯಲ್ಲಿದ್ದ ತಾಟು ನೋಡಿದರು, ಆಮೇಲೆ ನನ್ನನ್ನು ನೋಡಿದರು, ಆಮೇಲೆ ಮಗಳನ್ನು.

"ತಗೋಳವಾ," ಎಂದು ನಳಿಕೆಯನ್ನು ಅವಳ ಕೈಗೆ ಕೊಟ್ಟರು. "ಕುಡಿಯಾಕಿ ನೀನು. ಇಲ್ಲಿ ಇರಾಕಿ ನೀನು. ನೀನ ನೋಡಿ ಹೇಳು."

ಅವಳು ನಳಿಕೆಯನ್ನು ಬೆಳಕಿಗೆ ಎತ್ತಿದಳು. ಬಹಳ ಹೊತ್ತು ನೋಡಿದಳು. ಮಕ್ಕಳಿಗೆ ವಿಜ್ಞಾನ ಕಲಿಸುವವಳು. ಅವಳ ಕಣ್ಣಿಗೆ ಏನೂ ಆಗಿರಲಿಲ್ಲ.

"ಕೆಂಪ ಐತಿ ಅಪ್ಪಾ," ಎಂದಳು.

ನಾನು ಅವಳ ಪಕ್ಕದಲ್ಲಿಯೇ ನಿಂತಿದ್ದೆ. ಕಲ್ಲು ಇದ್ದಲ್ಲಿಯೇ ಇದೆ ಎಂದು ಹೇಳುತ್ತೇನೆ. ಅದು ಕೆಂಪಾಗಿರಲಿಲ್ಲ. ಮೊದಲಿನ ಹಾಗೆ ಪೂರ್ತಿ ಹಳದಿಯೂ ಆಗಿರಲಿಲ್ಲ. ಮಾವಿನಕಾಯಿ ಹಣ್ಣಾಗುವಾಗ ಕೆನ್ನೆಯ ಹತ್ತಿರ ಒಂದು ಬಣ್ಣ ತಿರುಗುತ್ತದಲ್ಲ, ಯಾವುದೆಂದು ಹೇಳಲಾಗದ್ದು, ಹಾಗಿತ್ತು. ಒಂದು ಹನಿ ಹೆಚ್ಚುಕಡಿಮೆಯಾದರೂ ವಿದ್ಯಾರ್ಥಿಗಳನ್ನು ಮತ್ತೆ ಪ್ರಯೋಗ ಮಾಡಲು ನಿಲ್ಲಿಸುವ ಮನುಷ್ಯ, ಮಗಳ ಕೈಯಿಂದ ನಳಿಕೆಯನ್ನು ಮರಳಿ ತೆಗೆದುಕೊಂಡು, ಅದರತ್ತ ನೋಡದೆ, ಅಂಗಳದ ಮೂಲೆಯಲ್ಲಿ ಚೆಲ್ಲಿ ಬಂದರು. ಅವ್ವನ ತಾಟಿನಿಂದ ದೊಡ್ಡದೊಂದು ಬೆಲ್ಲದ ತುಣುಕು ಆರಿಸಿ ಬಾಯಿಗೆ ಹಾಕಿಕೊಂಡರು. ಲೋಟದ ನೀರನ್ನು ಒಂದೇ ಸಮನೆ ಕುಡಿದು, ಖಾಲಿ ಲೋಟವನ್ನು ಬೋರಲು ಹಾಕಿದರು.

"ಈ ಸಲ ಅರಿಷಿಣ ಬರಲಿಲ್ಲೇನ್?" ಎಂದು ದೊಡ್ಡವ್ವ ಬೇಸರಪಟ್ಟುಕೊಂಡಳು. ಆದರೂ ಸಕ್ಕರೆ ಹಂಚಿದಳು. ಪಕ್ಕದ ಮನೆಯವಳು ಸೋಬಾನ ಹಾಡಲು ಒಪ್ಪಲಿಲ್ಲ. ಚಪ್ಪಲಿ ಹಾಕಿಕೊಂಡು ಹೊರಡುವವರೆಗೂ ಈ ಬೀಗರನ್ನು ನಂಬುವ ಹಾಗಿಲ್ಲ ಎಂದಳು.

ಮದುವೆಯಾಯಿತು. ಅವಳು ನಮ್ಮ ಮನೆಗೆ ಬಂದ ವಾರದಲ್ಲೇ, ಒಂದು ಮಧ್ಯಾಹ್ನ, ಮಾವನವರು ಬಸ್ಸಿನಿಂದ ಇಳಿದರು. ಒಂದು ಕೈಯಲ್ಲಿ, ಒಂದರ ಮೇಲೊಂದು ಕೂಡಿಸುವ ಎರಡು ಸ್ಟೀಲಿನ ಡಬರಿ, ಕೆಳಗಿನದಕ್ಕೆ ನಲ್ಲಿ. ಇನ್ನೊಂದು ಕೈಯಲ್ಲಿ ಗೋಣಿಯ ಗಂಟು. ಬಿಸಿಲಿಗೆ ಅಂಗಿ ಬೆನ್ನಿಗೆ ಅಂಟಿತ್ತು. ನೀರು ಸಹ ಕೇಳದೆ ಅಡುಗೆಮನೆಯ ಮೂಲೆಯಲ್ಲಿ ಕುಳಿತು ಗಂಟು ಬಿಚ್ಚಿದರು. ಒಳಗೆ ಸಾಬೂದಾಣಿಯಂಥ ಬಿಳಿಯ ಹರಳುಗಳು. ಫ್ಲೋರೈಡನ್ನು ತಮ್ಮಲ್ಲೇ ಹಿಡಿದಿಟ್ಟುಕೊಂಡು ನೀರನ್ನಷ್ಟೇ ಕೆಳಗೆ ಬಿಡುವ ಹರಳುಗಳು ಅವು. ಕೆಲವು ತಿಂಗಳಿಗೊಮ್ಮೆ ಅವನ್ನು ತೊಳೆದು ಮತ್ತೆ ತುಂಬಬೇಕು. ಆ ಕೆಲಸಕ್ಕೆಂದು ಅವರು ಮುಂದೆ ವರ್ಷಗಟ್ಟಲೆ, ಮೊಣಕಾಲು ಗಟ್ಟಿಯಿರುವವರೆಗೂ ಎರಡೆರಡು ಬಸ್ಸು ಹತ್ತಿಳಿದು ಬಂದರು. ನಾನು ಹೇಳುತ್ತಿರುವುದು ಮೊದಲನೆಯ ಸಲದ ಮಾತು.

ಅವ್ವ ಬಾಗಿಲಲ್ಲಿ ನಿಂತು ನೋಡಿದಳು. ಅವರು ಹರಳುಗಳನ್ನು ಬೊಗಸೆಬೊಗಸೆಯಾಗಿ, ಒಂದೂ ಚೆಲ್ಲದ ಹಾಗೆ, ಮೇಲಿನ ಡಬರಿಗೆ ತುಂಬುತ್ತಿದ್ದರು. ಮದುವೆಯ ಹೊತ್ತಿಗೇ ನಮ್ಮ ಕಡೆಯ ಹೈಸ್ಕೂಲಿಗೆ ವರ್ಗ ಮಾಡಿಸಿಕೊಂಡಿದ್ದ ನನ್ನ ಹೆಂಡತಿ ಶಾಲೆಯಿಂದ ಇನ್ನೂ ಬಂದಿರಲಿಲ್ಲ.

"ಆವತ್ತ ಕೆಂಪ ಬಂದಿತ್ತಲ್ರಿ ಬೀಗರ," ಎಂದಳು ಅವ್ವ. "ಮತ್ತ ಇದ್ಯಾಕ?"

ಮಾವನವರು ತಲೆಯೆತ್ತಲಿಲ್ಲ. ಅಂಗೈಯಿಂದ ಹರಳುಗಳನ್ನು ಮೆಲ್ಲಗೆ ಸಮ ಮಾಡಿದರು.

"ಕೆಂಪ ಐತಿ ಅಂತ ಆಕಿ ಅಂದ್ಲ್ರಿ ಅಕ್ಕಾರ," ಎಂದರು. "ನಾ ಅಂದಿಲ್ಲ."